ಅಡಾಸ್ ಇರುವ ಕಾರಿಗೆ ಜಾಸ್ತಿ ದುಡ್ಡು ಕೊಡಬೇಕಾ? ನಮ್ಮ ತುಮಕೂರು ರೋಡಿನ ಲೆಕ್ಕ

ಹೊಸ ಕಾರು ನೋಡಲು ಹೋದವರಿಗೆಲ್ಲ ಈಗ ಈ ಪ್ರಶ್ನೆ ಎದುರಾಗುತ್ತದೆ. ಕೆಳಗಿನ ವೇರಿಯಂಟಿಗೂ ಮೇಲಿನದಕ್ಕೂ ಲಕ್ಷ, ಲಕ್ಷದ ಮೇಲೆ ವ್ಯತ್ಯಾಸ. ಯಾಕೆ ಅಂತ ಕೇಳಿದರೆ ಮೇಲಿನದರಲ್ಲಿ ಅಡಾಸ್ (ಅಡ್ವಾನ್ಸ್ಡ್ ಡ್ರೈವರ್ ಅಸಿಸ್ಟೆನ್ಸ್ ಸಿಸ್ಟಮ್, ಓಡಿಸುವವರಿಗೆ ನೆರವಾಗುವ ವ್ಯವಸ್ಥೆ) ಇದೆ ಅನ್ನುತ್ತಾರೆ. ಕಾರೇ ಬ್ರೇಕ್ ಹಾಕುತ್ತದೆ, ಕಾರೇ ಸ್ಟೀರಿಂಗ್ ತಿರುಗಿಸುತ್ತದೆ, ಮುಂದಿನ ಗಾಡಿ ನೋಡಿಕೊಂಡು ಕಾರೇ ಸ್ಪೀಡ್ ಕಮ್ಮಿ ಜಾಸ್ತಿ ಮಾಡಿಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕ್ಯಾತ್ಸಂದ್ರ ದಾಟಿ ಹೈವೇ ಹತ್ತಿದ ಮೇಲೆ, ಇಲ್ಲಾ ಸಂಜೆ ಹೊತ್ತು ಬಿ.ಎಚ್. ರೋಡಿನಲ್ಲಿ, ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಒಂದೊಂದಾಗಿ ಬಿಡಿಸುತ್ತೇನೆ. ತುರ್ತಿಗೆ ಬ್ರೇಕ್ ಹಾಕುವ ಫೀಚರಿಗೆ ದುಡ್ಡು ಕೊಡಿ. ನಿಮ್ಮ ಕಣ್ಣಿಗೆ ಬೀಳದ ಗಾಡಿಯನ್ನು ತೋರಿಸುವ ಫೀಚರಿಗೂ ಕೊಡಿ. ಸ್ಟೀರಿಂಗ್ ತಿರುಗಿಸುವ ಫೀಚರಿಗೋಸ್ಕರ ಕೊಡಬೇಡಿ. ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಮಾತಿಗಂತೂ ಒಂದು ರೂಪಾಯಿಯೂ ಬೇಡ. ಇದನ್ನೆಲ್ಲ ತೀರ್ಮಾನ ಮಾಡಬೇಕಾದ್ದು ಬ್ರೋಷರ್ ಅಲ್ಲ, ನಿಮ್ಮ ಕಾರು ದಿನಾ ಓಡಾಡುವ ರೋಡು.

ನಮ್ಮಲ್ಲಿ ಮಾರುತ್ತಿರುವುದು ಏನು

ನಮ್ಮ ಭಾವ ಕಾರು ಹುಡುಕುತ್ತಿದ್ದಾಗ ನೇರವಾಗಿ ಕೇಳಿದರು, "ಅಲ್ಲಯ್ಯಾ, ಇಷ್ಟು ದುಡ್ಡು ಕೊಟ್ಟರೆ ನಾನು ಕೈ ಬಿಟ್ಟು ಕೂತ್ಕೋಬಹುದಾ?" ಆಗಲ್ಲ ಭಾವ, ಅಂದೆ. ತುಂಬಾ ಜನರ ತಲೆಯಲ್ಲಿ ಇರುವುದು ಇದೇ ಪ್ರಶ್ನೆ. ಇಲ್ಲಿ ಗೊಂದಲ ಇಟ್ಟುಕೊಂಡು ಕಾರು ತಗೊಂಡರೆ ಅದು ಜೀವಕ್ಕೇ ಅಪಾಯ.

ತಾನಾಗೇ ಓಡುವ ಕಾರಿಗೆ ಪ್ರಪಂಚದಲ್ಲಿ 0ರಿಂದ 5ರ ತನಕ ಲೆವೆಲ್ ಇಟ್ಟಿದ್ದಾರೆ. ನಮ್ಮ ಶೋರೂಮುಗಳಲ್ಲಿ ಸಿಗುವ ಕ್ರೆಟಾ, ಸೆಲ್ಟೋಸ್, ಹ್ಯಾರಿಯರ್ ಇವೆಲ್ಲ ಲೆವೆಲ್ 2. ಅಂದರೆ ಕಾರು ಸ್ವಲ್ಪ ಹೊತ್ತು ಸ್ಪೀಡನ್ನೂ ಸ್ಟೀರಿಂಗನ್ನೂ ನೋಡಿಕೊಳ್ಳಬಹುದು, ಆದರೆ ರೋಡ್ ನೋಡುವ ಕೆಲಸ ಪೂರ್ತಿ ನಿಮ್ಮದೇ. ಕಣ್ಣು ರೋಡಿನ ಮೇಲೆ, ಕೈ ಸ್ಟೀರಿಂಗ್ ಮೇಲೆ. ಏನಾದರೂ ಆದರೆ ಕೇಸು ಬೀಳುವುದೂ ಓಡಿಸುವವರ ಮೇಲೆ. ರೀಲ್ಸ್ ಮಾಡುವುದಕ್ಕೆ ಹೈವೇಯಲ್ಲಿ ಸ್ಟೀರಿಂಗ್ ಬಿಟ್ಟು ಕೂರುವವರನ್ನು ನೋಡಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಪಕ್ಕದ ಲೇನಿನಲ್ಲಿ ಹೆಂಡತಿ ಮಕ್ಕಳನ್ನು ಬೈಕಲ್ಲಿ ಕೂರಿಸಿಕೊಂಡು ಹೋಗುತ್ತಿರುವವರು ಇವರ ಆಟಕ್ಕೆ ಒಪ್ಪಿಲ್ಲ.

ಲೆವೆಲ್ 3 ಅಂದರೆ ಕೆಲವು ಕಡೆ, ಕೆಲವು ಹೊತ್ತು ನೀವು ರೋಡ್ ನೋಡದೇ ಇರಬಹುದು. ಅದನ್ನು ಮರ್ಸಿಡಿಸ್ ಕಂಪನಿ ಜರ್ಮನಿಯಲ್ಲಿ 2022ರಲ್ಲಿ, ಆಮೇಲೆ ಅಮೆರಿಕದ ನೆವಾಡ, ಕ್ಯಾಲಿಫೋರ್ನಿಯಾದಲ್ಲಿ ಕೊಟ್ಟಿತು, ಅದೂ ಆಯ್ದ ಹೈವೇಗಳಲ್ಲಿ ಮಾತ್ರ. ಡ್ರೈವರೇ ಇಲ್ಲದೆ ಓಡುವ ವೇಮೋ ಕಾರುಗಳು ಸ್ಯಾನ್ ಫ್ರಾನ್ಸಿಸ್ಕೋ, ಫೀನಿಕ್ಸ್ ಊರುಗಳಲ್ಲಿವೆ. ಆದರೆ ಅವು ಟ್ಯಾಕ್ಸಿ, ನೀವು ಕೊಂಡುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಸಾರಿಗೆ ಮಂತ್ರಿ ನಿತಿನ್ ಗಡ್ಕರಿ ಅವರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ, ಡ್ರೈವರುಗಳ ಕೆಲಸ ಹೋಗುವುದರಿಂದ ಡ್ರೈವರ್ ಇಲ್ಲದ ಕಾರಿಗೆ ಭಾರತದಲ್ಲಿ ಬಿಡುವುದಿಲ್ಲ ಅಂತ.

ಟೆಸ್ಲಾ ಕಥೆ ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಬರುವ ಫೀಚರಿಗೆ ಇವತ್ತೇ ದುಡ್ಡು ಕೊಡುವುದು ಅಂದರೆ ಏನು ಅಂತ ಅದರಿಂದ ಚೆನ್ನಾಗಿ ಗೊತ್ತಾಗುತ್ತದೆ. 2016ರಲ್ಲಿ ಎಲಾನ್ ಮಸ್ಕ್ ಅವರು 2017ರ ಕೊನೆಯೊಳಗೆ ಕಾರು ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ತಾನೇ ಹೋಗುತ್ತದೆ ಅಂದಿದ್ದರು. ಹೇಳಿದ ಹೊತ್ತಿಗೆ ಆಗಲಿಲ್ಲ. ನಂಬಿದವರು ಮಾತ್ರ ಮುಂಗಡವಾಗಿ ದುಡ್ಡು ಕೊಟ್ಟರು. ಫುಲ್ ಸೆಲ್ಫ್ ಡ್ರೈವಿಂಗ್ ಅನ್ನುವ ಆ ಪ್ಯಾಕೇಜು 2022ರಲ್ಲಿ 15,000 ಡಾಲರ್ ಮುಟ್ಟಿತು. 2024ರಲ್ಲಿ ಅದೇ 8,000ಕ್ಕೆ ಇಳಿಯಿತು, ತಿಂಗಳಿಗೆ 99 ಡಾಲರಿಗೆ ಬಾಡಿಗೆಗೂ ಸಿಕ್ಕಿತು. ಹೆಸರಿನ ಪಕ್ಕದಲ್ಲಿ, ಡ್ರೈವರ್ ನಿಗಾ ಇಡಬೇಕು ಅಂತ ಅರ್ಥ ಬರುವ ಒಂದು ಪದ ಸೇರಿಕೊಂಡಿತು. ಮೊದಲೇ 15,000 ಕೊಟ್ಟವರು ಏನು ಅಂದುಕೊಂಡಿರಬೇಡ! 2025ರ ಜುಲೈನಲ್ಲಿ ಮುಂಬೈಯಲ್ಲಿ ಟೆಸ್ಲಾ ಶುರುವಾದಾಗಲೂ ಮಾಡೆಲ್ ವೈ ಕಾರಿನ ಬೆಲೆಪಟ್ಟಿಯಲ್ಲಿ ಇದೇ ಪ್ಯಾಕೇಜಿಗೆ 6 ಲಕ್ಷ ರೂಪಾಯಿ ಇತ್ತು, ಆಗ ಇಲ್ಲಿ ಅದು ಕೆಲಸ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ.

ಹಾಗಾಗಿ ಯಾವುದೇ ಕಂಪನಿಯ ಸೇಲ್ಸ್‌ನವರು "ಹಾರ್ಡ್‌ವೇರ್ ಇದೆ ಸರ್, ಸಾಫ್ಟ್‌ವೇರ್ ಆಮೇಲೆ ಬರುತ್ತೆ" ಅಂದರೆ, ಬಂದ ಮೇಲೆ ಕೊಡುತ್ತೇನೆ ಅನ್ನಿ. ಟೆಸ್ಟ್ ಡ್ರೈವಿನಲ್ಲಿ ಕೆಲಸ ಮಾಡಿ ತೋರಿಸಿದ್ದಕ್ಕೆ ಮಾತ್ರ ಬೆಲೆ ಕಟ್ಟಿ.

ಒಂದು ಹಾಳೆಯಲ್ಲಿ ನಿಮ್ಮ ರೋಡುಗಳನ್ನು ಬರೆಯಿರಿ

ಶೋರೂಮಿಗೆ ಹೋಗುವ ಮೊದಲು ಈ ಕೆಲಸ ಮಾಡಿ. ಮಾಮೂಲಿ ಒಂದು ತಿಂಗಳಲ್ಲಿ ಕಾರು ಎಲ್ಲೆಲ್ಲಿ ಹೋಗುತ್ತದೆ, ಯಾರು ಓಡಿಸುತ್ತಾರೆ, ಯಾವ ಹೊತ್ತಿನಲ್ಲಿ. ವರ್ಷಕ್ಕೊಂದು ಸಲ ಹೋಗುವ ಧರ್ಮಸ್ಥಳ, ಗೋವಾ ಬೇಡ. ದಿನದ ಓಡಾಟ ಬರೆಯಿರಿ.

ದಿನಾ ಬೆಂಗಳೂರಿಗೆ ಹೋಗಿ ಬರುವವರಾದರೆ ನಿಮ್ಮದು ಹತ್ತಿರ ಹತ್ತಿರ 70 ಕಿಲೋಮೀಟರ್ ಹೈವೇ, ದಾಬಸ್‌ಪೇಟೆ, ನೆಲಮಂಗಲ, ಆಮೇಲೆ ಇಂಚಿಂಚು ಸರಿಯುವ ಟ್ರಾಫಿಕ್. ವಸಂತನರಸಾಪುರದಲ್ಲಿ ಫ್ಯಾಕ್ಟರಿ ಇದ್ದರೆ ಹೈವೇ ಮತ್ತು ಟ್ರೇಲರ್ ಲಾರಿಗಳು. ಕೊರಟಗೆರೆ, ಮಧುಗಿರಿ, ಪಾವಗಡ ಕಡೆಯವರಾದರೆ ರೋಡಿನ ಮಧ್ಯದ ಗೆರೆಯೇ ಅಲ್ಲಲ್ಲಿ ಮಾಯ, ಊರೂರಿಗೆ ಹಂಪು, ಅದರಲ್ಲಿ ಅರ್ಧಕ್ಕೆ ಬಣ್ಣ ಇಲ್ಲ. ಗುಬ್ಬಿ, ತಿಪಟೂರು ಕಡೆ ಕೊಬ್ಬರಿ, ತೆಂಗಿನಕಾಯಿ ಲೋಡಿನ ಗಾಡಿಗಳು. ಸುಗ್ಗಿ ಕಾಲದಲ್ಲಂತೂ ರೋಡೇ ಕಣ. ರಾಗಿ, ಹುರುಳಿ ಹರಡಿರುತ್ತಾರೆ, ಅದರ ಅಂಚಿಗೆ ದಪ್ಪ ದಪ್ಪ ಕಲ್ಲು ಇಟ್ಟಿರುತ್ತಾರೆ. ಅಡಾಸ್ ಕಾರಿನ ಕ್ಯಾಮೆರಾ ಹುಡುಕುವ ಬಿಳಿ ಗೆರೆ ಆ ಹುರುಳಿ ಸೊಪ್ಪಿನ ಕೆಳಗಿರುತ್ತದೆ.

ಈ ಹಾಳೆ ಕೈಯಲ್ಲಿ ಇಟ್ಟುಕೊಂಡು ಈಗ ಫೀಚರುಗಳನ್ನು ನೋಡಿ.

ತುರ್ತು ಬ್ರೇಕ್: ದುಡ್ಡು ಕೊಡುವುದಾದರೆ ಇದಕ್ಕೆ

ಮುಂದಿನ ಗಾಡಿಗೆ ಗುದ್ದುವ ಹಾಗಿದ್ದರೆ ಮೊದಲು ಬೀಪ್ ಬರುತ್ತದೆ. ನೀವು ಬ್ರೇಕ್ ಒತ್ತದಿದ್ದರೆ ಕಾರೇ ಒತ್ತುತ್ತದೆ. ಆಟೋ ಎಮರ್ಜೆನ್ಸಿ ಬ್ರೇಕಿಂಗ್ ಅನ್ನುವುದು ಇದನ್ನೇ. ಲೆಕ್ಕ ಸುಲಭ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಫೋನ್ ರಿಂಗ್ ಆಯಿತು ಅಂತ ಒಂದೂವರೆ ಸೆಕೆಂಡ್ ಆ ಕಡೆ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಆ ಒಂದೂವರೆ ಸೆಕೆಂಡಿನಲ್ಲಿ ಕಾರು ಎಚ್ಚರವಾಗಿರುತ್ತದೆ.

ಅಮೆರಿಕದಲ್ಲಿ ವಿಮೆ ಕಂಪನಿಗಳು ಸೇರಿ ನಡೆಸುವ ಐಐಎಚ್‌ಎಸ್ ಅನ್ನುವ ಸುರಕ್ಷತಾ ಸಂಸ್ಥೆ ಇದೆ. ಈ ಎಚ್ಚರಿಕೆ ಮತ್ತು ತುರ್ತು ಬ್ರೇಕ್ ಎರಡೂ ಇರುವ ಕಾರುಗಳು ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವುದು ಅರ್ಧಕ್ಕರ್ಧ ಕಮ್ಮಿ ಅಂತ ಅವರ ಲೆಕ್ಕ. ಅಲ್ಲಿನ ಸರ್ಕಾರ 2029ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿ 2024ರಲ್ಲಿ ನಿಯಮ ತಂದಿತು. ಅದೇ ಐಐಎಚ್‌ಎಸ್ ಇನ್ನೊಂದು ವಿಷಯವನ್ನೂ 2024ರಲ್ಲಿ ಹೇಳಿತು. ಸ್ಪೀಡು ಮತ್ತು ಸ್ಟೀರಿಂಗ್ ಎರಡನ್ನೂ ಕಾರೇ ಹಿಡಿಯುವ ಸವಲತ್ತಿನಿಂದ ಅಪಘಾತ ಕಮ್ಮಿ ಆಗಿದ್ದಕ್ಕೆ ಆಧಾರ ಸಿಕ್ಕಿಲ್ಲ, ಅದನ್ನು ಸುರಕ್ಷತೆ ಅನ್ನುವ ಬದಲು ಆರಾಮ ಅಂತ ನೋಡಿ ಅಂತ. ನನ್ನ ಅಭಿಪ್ರಾಯಕ್ಕೆ ಅರ್ಧ ಬಲ ಬಂದದ್ದೇ ಇದರಿಂದ. ಅವರ ರೋಡು ಬೇರೆ, ನಮ್ಮದು ಬೇರೆ, ಅಷ್ಟೇ ಅಂಕಿ ಇಲ್ಲಿ ಬರಬೇಕು ಅಂತಿಲ್ಲ. ಆದರೆ ಯಾವುದು ಜೀವ ಉಳಿಸುತ್ತದೆ, ಯಾವುದು ಆರಾಮ ಕೊಡುತ್ತದೆ ಅನ್ನುವ ವ್ಯತ್ಯಾಸ ಇಲ್ಲೂ ಅದೇ.

ಆದರೆ ಇದಕ್ಕೂ ಮಿತಿ ಇದೆ. ಈ ಕಾರುಗಳಿಗೆ ಕಲಿಸಿರುವುದು ಹೆಚ್ಚಾಗಿ ಕಾರು, ಲಾರಿ, ಬೈಕು, ನಡೆದು ಹೋಗುವ ಮನುಷ್ಯರ ಆಕಾರ. ಶಿರಾ, ಪಾವಗಡ ಕಡೆ ರೋಡ್ ದಾಟುವ ಕುರಿ ಹಿಂಡನ್ನೂ, ಕತ್ತಲಲ್ಲಿ ಮಲಗಿರುವ ಎಮ್ಮೆಯನ್ನೂ ನೋಡಿ ನಿಲ್ಲಿಸುತ್ತದೆ ಅಂತ ನಂಬಿ ಓಡಿಸಬೇಡಿ. ಹುಲ್ಲು ತುಂಬಿಕೊಂಡು, ಹಿಂದೆ ಒಂದು ಲೈಟೂ ಇಲ್ಲದೆ ಹೋಗುವ ಟ್ರ್ಯಾಕ್ಟರ್ ಅದರ ಕಣ್ಣಿಗೆ ಏನಾಗಿ ಕಾಣುತ್ತದೋ. ಮಳೆ, ಮಂಜು, ಎದುರಿನ ಹೈಬೀಮ್ ಇದ್ದರೆ ಕ್ಯಾಮೆರಾಗೂ ಕಷ್ಟ. ಯಾವ ಸ್ಪೀಡಿನ ತನಕ ಪೂರ್ತಿ ನಿಲ್ಲಿಸುತ್ತದೆ, ಯಾವುದರ ಮೇಲೆ ಬರೀ ವೇಗ ಕಮ್ಮಿ ಮಾಡುತ್ತದೆ ಅನ್ನುವುದು ಓನರ್ಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಕಂಪನಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಬುಕ್ ಮಾಡುವ ಮೊದಲು ಆ ಪುಟ ಓದಿ.

ಕೆಲವು ಅಪಘಾತಗಳಿಗೆ ಯಾವ ಫೀಚರೂ ಉತ್ತರ ಅಲ್ಲ. 2024ರ ಡಿಸೆಂಬರಿನಲ್ಲಿ ನೆಲಮಂಗಲದ ಹತ್ತಿರ ಇದೇ ಹೈವೇಯಲ್ಲಿ ಕಂಟೈನರ್ ಲಾರಿ ಡಿವೈಡರ್ ದಾಟಿ ಬಂದು ಕಾರಿನ ಮೇಲೆ ಬಿದ್ದು ಒಂದೇ ಕುಟುಂಬದ 6 ಜನ ತೀರಿಕೊಂಡರು. ಸುರಕ್ಷತೆಗೆ ಹೆಸರಾದ ದುಬಾರಿ ಕಾರು ಅದು. ಆ ರೋಡಿನಲ್ಲಿ ಓಡಾಡುವ ನಮಗೆಲ್ಲ ಅವತ್ತು ಹೊಟ್ಟೆಯಲ್ಲಿ ಸಂಕಟ ಆಯಿತು.

ಪಕ್ಕದಲ್ಲಿ ಬರುವವರನ್ನು ತೋರಿಸುವುದು

ಬ್ಲೈಂಡ್ ಸ್ಪಾಟ್ ವಾರ್ನಿಂಗ್. ಕನ್ನಡಿಗೆ ಬೀಳದ ಜಾಗದಲ್ಲಿ ಗಾಡಿ ಇದ್ದರೆ ಕನ್ನಡಿಯಲ್ಲೇ ಒಂದು ಸಣ್ಣ ದೀಪ ಹತ್ತುತ್ತದೆ. ನಮ್ಮಲ್ಲಿ ಎಡಗಡೆಯಿಂದ ಓವರ್‌ಟೇಕ್ ಮಾಡುವ ಬೈಕು ಎಷ್ಟು ಅಂತ ನಿಮಗೇ ಗೊತ್ತು. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗುವಾಗ ಇದು ಕೊಡುವ ನೆಮ್ಮದಿ ದೊಡ್ಡದು. ರಿವರ್ಸ್ ತೆಗೆಯುವಾಗ ಅಡ್ಡ ಬರುವ ಗಾಡಿಯನ್ನು ಹೇಳುವ ಫೀಚರೂ ಅಷ್ಟೇ. ಅಂಗಡಿ ಮುಂದೆ ಮೂತಿ ಒಳಗೆ ಮಾಡಿ ನಿಲ್ಲಿಸಿದ ಕಾರನ್ನು ಹಿಂದಕ್ಕೆ ತೆಗೆಯುವವರಿಗೆ ತುಂಬಾ ಉಪಯೋಗ. ಊರೊಳಗೆ ಮಾತ್ರ ಓಡಿಸುವವರಿಗೂ ಕೆಲಸಕ್ಕೆ ಬರುವುದು ಇವೆರಡು.

ಅಡಾಸ್ ಅಂದ ಮಾತ್ರಕ್ಕೆ ಇವು ಇರಲೇಬೇಕು ಅಂತಿಲ್ಲ. ಇದನ್ನು ತಿಳಿದೇ ಹೋಗಿ. ಕೆಲವು ಕಾರಿನಲ್ಲಿ ಮುಂದಿನ ಗ್ಲಾಸಿನ ಒಂದು ಕ್ಯಾಮೆರಾ ಮಾತ್ರ, ಕೆಲವದರಲ್ಲಿ ಅದರ ಜೊತೆ ಮುಂದೆ ರಾಡಾರ್ (ರೇಡಿಯೋ ಅಲೆಯಿಂದ ಎದುರಿನ ಗಾಡಿಯ ದೂರ ಅಳೆಯುವ ಸಾಧನ), ಇನ್ನು ಕೆಲವದರಲ್ಲಿ ಹಿಂದಿನ ಬಂಪರಿನ ಮೂಲೆಗಳಲ್ಲೂ ರಾಡಾರ್. 2024ರ ಕೊನೆಗೆ ಬಂದ ಹೋಂಡಾ ಅಮೇಜ್ ಅಡಾಸನ್ನು 10 ಲಕ್ಷದ ಆಸುಪಾಸಿಗೇ ತಂದಿತು, ಅದು ಒಳ್ಳೆಯ ಕೆಲಸವೇ. ಆದರೆ ಅದರದ್ದು ಕ್ಯಾಮೆರಾ ನಂಬಿದ ಪದ್ಧತಿ, ಪಕ್ಕ ನೋಡುವುದಕ್ಕೆ ಎಡಗಡೆ ಕನ್ನಡಿಯ ಕೆಳಗಿನ ಕ್ಯಾಮೆರಾ. ಅಡಾಸ್ ಇದೆಯಾ ಅಂತ ಕೇಳಬೇಡಿ. ಒಂದೊಂದು ಫೀಚರಿನ ಹೆಸರು ಹೇಳಿ, ಈ ವೇರಿಯಂಟಿನಲ್ಲಿ ಇದು ಇದೆಯಾ, ಮ್ಯಾನುಯಲ್ ಗೇರಿನಲ್ಲೂ ಇದೆಯಾ ಅಂತ ಕೇಳಿ.

ಅಡಾಪ್ಟಿವ್ ಕ್ರೂಸ್: ಇಷ್ಟ ಆಗುತ್ತದೆ, ಆದರೆ ಹುಷಾರು

ಸ್ಪೀಡ್ ಸೆಟ್ ಮಾಡಿದರೆ ಮುಂದಿನ ಗಾಡಿಯಿಂದ ಅಂತರ ಇಟ್ಟುಕೊಂಡು ಕಾರು ಹೋಗುತ್ತದೆ. ದಿನಾ ಹೈವೇ ಓಡಿಸುವವರ ಬಲಗಾಲಿಗೆ ಇದು ನಿಜವಾದ ವಿಶ್ರಾಂತಿ, ಸುಳ್ಳು ಹೇಳಲ್ಲ. ಬೆಳಗ್ಗೆ ಬೇಗ ಹೊರಟು ಹುಬ್ಬಳ್ಳಿ ಕಡೆ ಹೋಗುವಾಗ, ಶಿರಾ ದಾಟಿದ ಮೇಲೆ ರೋಡ್ ಖಾಲಿ ಇದ್ದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ತೊಂದರೆ ಶುರುವಾಗುವುದು ನೆಲಮಂಗಲದ ಕಡೆ. ನೀವು ಬಿಟ್ಟ ಅಂತರದಲ್ಲಿ ಒಂದು ಬೈಕು, ಅದರ ಹಿಂದೆ ಒಂದು ಆಟೋ ನುಗ್ಗುತ್ತದೆ. ಕಾರು ಗಾಬರಿ ಬಿದ್ದ ಹಾಗೆ ಬ್ರೇಕ್ ಹಾಕುತ್ತದೆ. ನಿಮ್ಮ ಹಿಂದೆ ಇರುವ ಬಸ್ಸಿನವರಿಗೆ ನೀವು ಯಾಕೆ ನಿಂತಿರಿ ಅಂತ ಗೊತ್ತಾಗುವುದಿಲ್ಲ, ಅಷ್ಟು ಹೊತ್ತಿಗೆ ಬಸ್ಸು ನಿಮ್ಮ ಡಿಕ್ಕಿಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಟ್ರಾಫಿಕ್ ದಟ್ಟವಾದ ತಕ್ಷಣ ಇದನ್ನು ಆಫ್ ಮಾಡಿ.

ಇನ್ನೊಂದು ಇದಕ್ಕಿಂತ ಅಪಾಯ. ಒಂದು ಸಂಜೆ, ಪೂರ್ತಿ ಕತ್ತಲಾಗಿರಲಿಲ್ಲ, ದಾಬಸ್‌ಪೇಟೆಗೆ ಮುಂಚೆ ಕ್ರೂಸಿನಲ್ಲಿ ಒಂದು ಲಾರಿ ಹಿಂದೆ ಬರುತ್ತಿದ್ದೆ. ಲಾರಿ ಇದ್ದಕ್ಕಿದ್ದ ಹಾಗೆ ಬಲಕ್ಕೆ ಸರಿಯಿತು. ಅದು ಯಾಕೆ ಸರಿಯಿತು ಅಂತ ಕಂಡದ್ದು ಆಮೇಲೆ. ಎಡ ಲೇನಿನಲ್ಲೇ ಒಂದು ಲೋಡ್ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು, ಹಿಂದೆ ಎರಡು ಕಲ್ಲು, ಒಂದು ಮುರಿದ ಬೇವಿನ ಕೊಂಬೆ, ಅಷ್ಟೇ ಸೂಚನೆ. ಲಾರಿ ಪಕ್ಕಕ್ಕೆ ಹೋದ ಕ್ಷಣ ಕಾರಿಗೆ ಮುಂದೆ ಖಾಲಿ ಅನ್ನಿಸಿತು. ಸೆಟ್ ಮಾಡಿದ ವೇಗಕ್ಕೆ ಏರಲು ಶುರು ಮಾಡಿತು. ಆಕ್ಸಿಲರೇಟರ್ ತಾನಾಗೇ ಏರಿದ್ದು ಕಾಲಿಗಿಂತ ಮೊದಲು ಇಂಜಿನ್ ಸದ್ದಿನಲ್ಲಿ ಗೊತ್ತಾಯಿತು. ಕಾಲು ಬ್ರೇಕಿನ ಮೇಲೇ ಇಟ್ಟಿದ್ದರಿಂದ ನಿಲ್ಲಿಸಿದೆ. ಇದು ಆ ಕಾರೊಂದರ ದೋಷ ಅಲ್ಲ. ಓಡುತ್ತಿರುವ ಗಾಡಿ ಪಕ್ಕಕ್ಕೆ ಸರಿದು ನಿಂತ ಗಾಡಿ ಎದುರಾದರೆ ಗುರುತಿಸದೇ ಇರಬಹುದು ಅಂತ ಬಹಳಷ್ಟು ಕಂಪನಿಗಳ ಮ್ಯಾನುಯಲ್‌ನಲ್ಲೇ ಬರೆದಿರುತ್ತದೆ. ರಾಡಾರಿಗೆ ನಿಂತ ವಸ್ತುಗಳು ಲೆಕ್ಕ ಇಲ್ಲದಷ್ಟು ಕಾಣುತ್ತವೆ, ಬೋರ್ಡು, ಸೇತುವೆ, ಕಂಬ, ಎಲ್ಲದಕ್ಕೂ ಬ್ರೇಕ್ ಹಾಕಿದರೆ ಕಾರು ಓಡಿಸಲು ಆಗಲ್ಲ. ಅದಕ್ಕೇ ಹೈವೇ ವೇಗದಲ್ಲಿ ನಿಂತದ್ದನ್ನು ನಂಬುವುದು ಅದಕ್ಕೆ ಕಷ್ಟ. ರೋಡ್ ಬದಿಯಲ್ಲಿ ಲೈಟಿಲ್ಲದೆ ಲಾರಿ ನಿಲ್ಲುವ ನಮ್ಮ ಹೈವೇಯಲ್ಲಿ ಈ ಒಂದು ವಿಷಯ ಗೊತ್ತಿಲ್ಲದೆ ಕ್ರೂಸ್ ಹಾಕಬೇಡಿ. ರಾತ್ರಿ ಹೊತ್ತು ನಾನು ಹಾಕುವುದೇ ಇಲ್ಲ.

ಸ್ಟೀರಿಂಗ್ ಹಿಡಿಯುವ ಲೇನ್ ಅಸಿಸ್ಟ್

ಇದನ್ನು ಬೇಗ ಮುಗಿಸುತ್ತೇನೆ. ಇದಕ್ಕೆ ಗೆರೆ ಬೇಕು. ಆರು ಪಥದ ಕೆಲಸ ನಡೆಯುವ ಜಾಗದಲ್ಲಿ ಹಳೇ ಗೆರೆ ಒಂದು, ಹೊಸದು ಒಂದು, ಡೈವರ್ಷನ್ನಿಗೆ ಹಳದಿ ಗೆರೆ ಇನ್ನೊಂದು. ಯಾವುದನ್ನು ನಂಬಬೇಕು ಅಂತ ಕಾರಿಗೆ ಗೊತ್ತಾಗುವುದಿಲ್ಲ. ನೀವು ಗುಂಡಿ ತಪ್ಪಿಸಲು ಇಂಡಿಕೇಟರ್ ಹಾಕದೆ ಸ್ವಲ್ಪ ಬಲಕ್ಕೆ ತಿರುಗಿಸಿದರೆ ಅದು ವಾಪಸ್ ಎಳೆಯುತ್ತದೆ. ಕೈಯಲ್ಲಿ ಸ್ಟೀರಿಂಗ್ ಎಳೆದ ಹಾಗೆ ಆದಾಗ ವಯಸ್ಸಾದವರು ಹೆದರಿಬಿಡುತ್ತಾರೆ. ದೇವರಾಯನದುರ್ಗದ ತಿರುವಿನಲ್ಲಿ ಇದರ ನೆಚ್ಚಿಕೆ ಬೇಡವೇ ಬೇಡ. ತೂಕಡಿಸಿ ಪಕ್ಕಕ್ಕೆ ಸರಿದಾಗ ಬೀಪ್ ಮಾಡುವುದಷ್ಟೇ ಇಟ್ಟುಕೊಳ್ಳಿ, ಸ್ಟೀರಿಂಗ್ ಎಳೆಯುವುದನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿ.

ದುಡ್ಡಿನ ಲೆಕ್ಕ ಆನ್‌ರೋಡಿನಲ್ಲಿ ಹಾಕಿ

ಎಕ್ಸ್ ಶೋರೂಮ್ ಬೆಲೆಯ, ಅಂದರೆ ರೋಡ್ ಟ್ಯಾಕ್ಸ್, ವಿಮೆ ಸೇರುವ ಮೊದಲಿನ ಬೆಲೆಯ ವ್ಯತ್ಯಾಸ ನೋಡಿ ಸುಮ್ನೆ ಒಪ್ಪಿಕೊಳ್ಳಬೇಡಿ. ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ದುಬಾರಿ. ಪೆಟ್ರೋಲ್, ಡೀಸೆಲ್ ಕಾರಿಗೆ 5ರಿಂದ 10 ಲಕ್ಷದ ತನಕ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18, ಈ ತೆರಿಗೆಯ ಮೇಲೆ ಸೆಸ್ ಬೇರೆ. ಒಂದು ಉದಾಹರಣೆ ಹಾಕಿ ನೋಡಿ. ಕೆಳಗಿನ ವೇರಿಯಂಟ್ 9.9 ಲಕ್ಷ, ಅಡಾಸ್ ಇರುವುದು 10.9 ಲಕ್ಷ ಅಂದುಕೊಳ್ಳಿ. ಮೊದಲನೆಯದಕ್ಕೆ ಟ್ಯಾಕ್ಸ್ 1,38,600. ಎರಡನೆಯದಕ್ಕೆ 1,85,300. ಅಂದರೆ 1 ಲಕ್ಷದ ವ್ಯತ್ಯಾಸ ಟ್ಯಾಕ್ಸ್ ಒಂದರಿಂದಲೇ ಒಂದೂವರೆ ಲಕ್ಷದ ಹತ್ತಿರ ಬಂತು. 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ಮಾರುವವರೇ ಮುಂಚೆ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದು ರಿಟರ್ನ್ಸ್ ಹಾಕಿದರೆ ಲೆಕ್ಕಕ್ಕೆ ಬರುತ್ತದೆ, ಆದರೆ ಅವತ್ತು ಕೈಯಿಂದ ಕೊಡಬೇಕು. ಲೋನ್ ಆದರೆ ಶೇ. 9ರ ಬಡ್ಡಿಗೆ 5 ವರ್ಷಕ್ಕೆ ಪ್ರತಿ ಲಕ್ಷಕ್ಕೂ ತಿಂಗಳಿಗೆ ಸುಮಾರು 2,075 ರೂಪಾಯಿ ಕಂತು. ಒಂದೂವರೆ ಲಕ್ಷ ಅಂದರೆ ತಿಂಗಳಿಗೆ 3,100, ಐದು ವರ್ಷಕ್ಕೆ ಒಟ್ಟು 1 ಲಕ್ಷದ 87 ಸಾವಿರದ ಹತ್ತಿರ.

ಇನ್ನೊಂದು ಕಿರಿಕಿರಿ, ಅಡಾಸನ್ನು ಕಂಪನಿಗಳು ಬಿಡಿಯಾಗಿ ಕೊಡುವುದು ಕಮ್ಮಿ. ಸನ್‌ರೂಫು, ದೊಡ್ಡ ಸ್ಕ್ರೀನು, ತಂಪಾಗುವ ಸೀಟು ಎಲ್ಲ ಒಟ್ಟಿಗೆ ಕಟ್ಟಿ ಮೇಲಿನ ವೇರಿಯಂಟಿಗೆ ಹಾಕುತ್ತಾರೆ. ಜೀವ ಉಳಿಸುವ ಬ್ರೇಕಿಗೆ ಸನ್‌ರೂಫಿನ ಜೊತೆ ಬೆಲೆ ಕಟ್ಟುವುದು ಸರಿಯಲ್ಲ ಅಂತ ನನ್ನ ಅನಿಸಿಕೆ. ಆದರೆ ಸದ್ಯಕ್ಕೆ ಮಾರುಕಟ್ಟೆ ಹೀಗಿದೆ, ಅಲ್ವಾ.

ಬಜೆಟ್ ಬಿಗಿ ಇದ್ದರೆ ಮೊದಲು ನೋಡಬೇಕಾದ್ದು ಬೇರೆ. 6 ಏರ್‌ಬ್ಯಾಗ್, ಇಎಸ್‌ಸಿ, ಹಿಂದಿನ ಸೀಟಿನ ಮೂರೂ ಜನಕ್ಕೆ ಸರಿಯಾದ ಬೆಲ್ಟು, ಕಾರನ್ನು ಗುದ್ದಿಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಒಳ್ಳೆಯ ಸ್ಟಾರು. ಈ ಪರೀಕ್ಷೆ 2023ರ ಅಕ್ಟೋಬರಿನಿಂದ ನಮ್ಮಲ್ಲೇ ನಡೆಯುತ್ತಿದೆ. ಇಎಸ್‌ಸಿ ಅಂದರೆ ಮಳೆಯಲ್ಲಿ ಕಾರು ಜಾರಿ ತಿರುಗುವಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಹಿಡಿದಿಡುವ ವ್ಯವಸ್ಥೆ. ಇದಿಲ್ಲದೆ ಅಡಾಸ್ ತಗೊಳ್ಳುವ ಯೋಚನೆ ಬೇಡ. ಇವೆಲ್ಲ ಇದ್ದು, ಕೆಳಗಿನ ವೇರಿಯಂಟ್ ಸಾಕು ಅನಿಸಿದರೆ, ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರು, ಒಂದು ಡ್ಯಾಶ್‌ಕ್ಯಾಮ್ ಹಾಕಿಸಿ, ಮಿಕ್ಕಿದ್ದು ಮನೆಯಲ್ಲಿರಲಿ.

ಟೆಸ್ಟ್ ಡ್ರೈವ್ ಹೈವೇಗೆ ತಗೊಂಡು ಹೋಗಿ

ಶೋರೂಮಿನವರು ಊರೊಳಗೆ ಒಂದು ಸುತ್ತು ಹಾಕಿಸಿ ವಾಪಸ್ ಕರೆದುಕೊಂಡು ಬರುತ್ತಾರೆ. ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಬಟವಾಡಿಯಿಂದ ಹೈವೇ ಹತ್ತಿ ದಾಬಸ್‌ಪೇಟೆ ಕಡೆ ಹೋಗಿ ಬರೋಣ ಅಂತ ಹಟ ಹಿಡಿಯಿರಿ. ಕ್ರೂಸ್ ಹಾಕಿ, ಮುಂದೆ ಗಾಡಿ ನುಗ್ಗಿದಾಗ ಮೆತ್ತಗೆ ನಿಧಾನ ಆಗುತ್ತದಾ, ಜೋರಾಗಿ ಮುಗ್ಗರಿಸುತ್ತದಾ ನೋಡಿ. ಬೀಪ್ ಸದ್ದು ನಿಮಗೆ ಸಹಿಸಲು ಆಗುತ್ತದಾ ನೋಡಿ, ಯಾಕೆಂದರೆ ಕಿರಿಕಿರಿ ಆದರೆ ನೀವು ಎಲ್ಲವನ್ನೂ ಆಫ್ ಮಾಡಿಬಿಡುತ್ತೀರಿ, ಆಗ ಕೊಟ್ಟ ದುಡ್ಡು ದಂಡ. ಲೇನ್ ಅಸಿಸ್ಟ್ ಆಫ್ ಮಾಡಿ, ಇಂಜಿನ್ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ. ಆಫ್ ಆಗಿಯೇ ಇದೆಯಾ, ಮತ್ತೆ ಆನ್ ಆಗಿದೆಯಾ? ಪ್ರತಿ ಸಲ ಆಫ್ ಮಾಡಬೇಕಾದರೆ ಅದು ದಿನದ ತಲೆನೋವು. ಎಚ್ಚರಿಕೆ ಬೇಗ ಬರಬೇಕಾ ತಡವಾಗಿ ಬರಬೇಕಾ ಅಂತ ಹೊಂದಿಸಲು ಆಗುತ್ತದಾ, ಮುಂದಿನ ಗಾಡಿಯ ಅಂತರಕ್ಕೆ ಎಷ್ಟು ಹಂತ ಇದೆ, ಇದೆಲ್ಲ ಕೇಳಿ.

ಒಂದು ಮಾತ್ರ ಮಾಡಲೇಬೇಡಿ. ತುರ್ತು ಬ್ರೇಕ್ ಕೆಲಸ ಮಾಡುತ್ತದಾ ಅಂತ ಯಾರನ್ನಾದರೂ ಮುಂದೆ ನಿಲ್ಲಿಸಿ, ಇಲ್ಲಾ ನಿಂತ ಗಾಡಿ ಮೇಲೆ ಓಡಿಸಿ ಪರೀಕ್ಷೆ ಮಾಡುವುದು. ವಿಡಿಯೋದಲ್ಲಿ ನೋಡಿ ಮಾಡುವವರಿದ್ದಾರೆ. ದಯವಿಟ್ಟು ಬೇಡ.

ತಗೊಂಡ ಮೇಲಿನ ಖರ್ಚು

ಕ್ಯಾಮೆರಾ ಇರುವುದು ಮುಂದಿನ ಗ್ಲಾಸಿನ ಮೇಲ್ಭಾಗದಲ್ಲಿ, ಒಳಗಿನ ಕನ್ನಡಿಯ ಹಿಂದೆ. ಜಲ್ಲಿ ಲಾರಿ ಹಿಂದೆ ಹೋಗಿ ಒಂದು ಕಲ್ಲು ಹಾರಿ ಗ್ಲಾಸ್ ಒಡೆದರೆ ಮಾಮೂಲಿ ಕಾರಿನಲ್ಲಿ ಬರೀ ಗ್ಲಾಸಿನ ಖರ್ಚು. ಇದರಲ್ಲಿ ಗ್ಲಾಸ್ ಹಾಕಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಕ್ಯಾಲಿಬ್ರೇಷನ್ ಅನ್ನುತ್ತಾರೆ. ಸ್ವಲ್ಪ ಓರೆ ಆದರೂ ದೂರದಲ್ಲಿ ಕಾರು ಯಾವ ಲೇನಿನಲ್ಲಿದೆ ಅನ್ನುವುದೇ ತಪ್ಪಾಗುತ್ತದೆ. ಬುಕ್ ಮಾಡುವ ಮೊದಲು ಸರ್ವಿಸ್ ಸೆಂಟರಿಗೇ ಹೋಗಿ ಕೇಳಿ: ಈ ಕೆಲಸ ತುಮಕೂರಿನಲ್ಲೇ ಆಗುತ್ತದಾ, ಬೆಂಗಳೂರಿಗೆ ಕಳಿಸುತ್ತೀರಾ, ಗ್ಲಾಸಿಗೂ ಕ್ಯಾಲಿಬ್ರೇಷನ್ನಿಗೂ ಸೇರಿ ಎಷ್ಟು, ವಿಮೆಯಲ್ಲಿ ಎರಡೂ ಬರುತ್ತದಾ. ಜೀರೋ ಡೆಪ್, ಅಂದರೆ ಭಾಗಗಳು ಹಳೆಯದಾಗಿವೆ ಅಂತ ದುಡ್ಡು ಕಳೆಯದ ವಿಮೆ ತಗೊಳ್ಳಿ. ಬಂಪರ್ ಬದಲಿಸಿದರೆ ರಾಡಾರಿಗೂ ಇದೇ ಮಾತು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಆಸೆ ಬಿಡಿ, ಅದು ಕಾನೂನಿಗೂ ವಿರುದ್ಧ, ರಾಡಾರಿಗೂ ಅಡ್ಡ.

ಆಯುಧಪೂಜೆಗೆ ಒಂದು ಮಾತು. ನಮ್ಮ ಕಡೆ ಕಾರಿನ ಗ್ಲಾಸಿಗೆ ವಿಭೂತಿ ಪಟ್ಟೆ ಎಳೆದು ಮಧ್ಯಕ್ಕೆ ಕುಂಕುಮ ಇಡುತ್ತೇವೆ. ನಮ್ಮ ಚಿಕ್ಕಮ್ಮ ಭಕ್ತಿಯಿಂದ ಎತ್ತರಕ್ಕೆ, ಸರಿಯಾಗಿ ಕ್ಯಾಮೆರಾ ಎದುರಿಗೇ ಮೂರು ಬೆರಳಿನ ವಿಭೂತಿ ಎಳೆದರು. ಮಾರನೇ ದಿನ ಮೀಟರಿನಲ್ಲಿ ಹಳದಿ ದೀಪ, ಕ್ಯಾಮೆರಾ ಮುಚ್ಚಿದೆ ಅಂತ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಹೋಯಿತು. ಪೂಜೆ ಖಂಡಿತ ಮಾಡಿ, ಬಾನೆಟ್ಟಿನ ಮೇಲೆ ಮಾಡಿ. ಚೆಂಡುಹೂವಿನ ಹಾರ, ಬಾಳೆಕಂದು, ನಿಂಬೆಹಣ್ಣು ಮೆಣಸಿನಕಾಯಿ ಮುಂದೆ ಗ್ರಿಲ್ಲಿಗೆ ಕಟ್ಟುವಾಗ ರಾಡಾರ್ ಇರುವ ಜಾಗ ಬಿಡಿ. ಕಂಪನಿ ಲೋಗೋ ಹಿಂದೆ ಇಲ್ಲಾ ಅದರ ಕೆಳಗೆ ಇರುತ್ತದೆ, ಡೆಲಿವರಿ ದಿನ ಬೆರಳಿಟ್ಟು ತೋರಿಸಿ ಅಂತ ಕೇಳಿ.

ಯಾರು ತಗೊಳ್ಳಬೇಕು, ಯಾರು ಬೇಡ

ವಾರದಲ್ಲಿ ಹೆಚ್ಚು ದಿನ ಬೆಂಗಳೂರು ಹೈವೇ ಓಡಿಸುವವರು, ಕೆಲಸ ಮುಗಿಸಿ ದಣಿದು ಬರುವವರು, ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರು: ತುರ್ತು ಬ್ರೇಕ್ ಮತ್ತು ಬ್ಲೈಂಡ್ ಸ್ಪಾಟ್ ಎರಡೂ ಇದ್ದರೆ ಕಷ್ಟಪಟ್ಟಾದರೂ ತಗೊಳ್ಳಿ. ಅರವತ್ತು ದಾಟಿದ ಅಪ್ಪ, ಕತ್ತು ಹಿಂದಕ್ಕೆ ತಿರುಗಿಸಲು ಕಷ್ಟಪಡುವವರು ಓಡಿಸುವುದಾದರೂ ಅಷ್ಟೇ. ಈಗ ತಾನೇ ಲೈಸೆನ್ಸ್ ಆದ ಮಗನಿಗೂ ಮಗಳಿಗೂ ಇವೆರಡು ಒಳ್ಳೆಯದೇ, ಆದರೆ ಕ್ರೂಸ್ ಒಂದು ವರ್ಷ ಮುಟ್ಟಬೇಡಿ ಅನ್ನಿ. ಮೊದಲು ಕಾಲಿಗೆ ಬ್ರೇಕಿನ ಲೆಕ್ಕ ಬರಬೇಕು.

ಊರೊಳಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗಿ, ತಿಂಗಳಿಗೆ ಒಂದೆರಡು ಸಲ ಹಳ್ಳಿಗೆ ಹೋಗಿ ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಬೆಂಗಳೂರಿಗೆ ರೈಲಿನಲ್ಲೇ ಹೋಗಿ ಬರುವವರಿಗೂ ಬೇಡ. ಸಾಲ ಎಳೆದು ಎಳೆದು ಕಟ್ಟುವ ಸ್ಥಿತಿಯಾದರೆ ಖಂಡಿತ ಬೇಡ. 6 ಏರ್‌ಬ್ಯಾಗಿನ, ಇಎಸ್‌ಸಿ ಇರುವ ಕೆಳಗಿನ ವೇರಿಯಂಟೇ ನಿಮಗೆ ಸರಿ.

ತಗೊಂಡರೆ ಮೊದಲ ಭಾನುವಾರವೇ ಒಂದು ಕೆಲಸ ಮಾಡಿ. ಮನೆಯಲ್ಲಿ ಕಾರು ಓಡಿಸುವ ಎಲ್ಲರನ್ನೂ ಕಾರಿನೊಳಗೆ ಕೂರಿಸಿ, ಗಾಡಿ ನಿಂತಿರುವಾಗಲೇ ತೋರಿಸಿ: ಕ್ರೂಸ್ ಆಫ್ ಬಟನ್ ಇದು, ಲೇನ್ ಬಟನ್ ಇದು, ಈ ಕೆಂಪು ಗುರುತು ಬಂದರೆ ತಕ್ಷಣ ಬ್ರೇಕ್ ಒತ್ತಬೇಕು, ಕನ್ನಡಿಯಲ್ಲಿ ಈ ದೀಪ ಹತ್ತಿದರೆ ತಿರುಗಿಸಬಾರದು. ಬಾಡಿಗೆ ಡ್ರೈವರ್ ಬಂದ ದಿನ ಅವರಿಗೂ ತೋರಿಸಿ ಕೀ ಕೊಡಿ.